ಜಾಸ್ತಿ ಆಯ್ತು: ಇಬ್ಬರ ಮನೆಗೆ 30 ಲೀಟರಿನ ಓವನ್, 4 ವರ್ಷ ಬಳಸಿದ ಮೇಲೆ

ಅಂಗಡಿಯ ಹುಡುಗ ಮೊದಲೇ ಹೇಳಿದ್ದ. "ಮನೇಲಿ ಎಷ್ಟು ಜನ ಸಾರ್?" ಅಂತ ಕೇಳಿದ. ಇಬ್ಬರು ಅಂದೆ. "ಹಾಗಾದ್ರೆ 16 ಲೀಟರಿನದು ಸಾಕು. ಇದು ಸುಮ್ನೆ ಜಾಗ ತಿನ್ನುತ್ತೆ." ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಕೇಳಲಿಲ್ಲ. ಚಿಕ್ಕ ಓವನ್‌ಗೆ ಬಾಗಿಲಿನ ಗಾಜೂ ಚಿಕ್ಕದು. ಒಳಗೆ ಕೇಕ್ ಉಬ್ಬುವುದನ್ನು ಎದುರಿಗೆ ಕುರ್ಚಿ ಹಾಕಿಕೊಂಡು ನೋಡಬೇಕು ಅನ್ನುವುದು ನನ್ನ ಆಸೆ. ಆ ಒಂದು ಗಾಜಿಗೋಸ್ಕರ 30 ಲೀಟರಿನದನ್ನು ಹೊತ್ತು ತಂದೆ. ಮಗಳು ಓದಲು ಬೇರೆ ಊರಿಗೆ ಹೋಗಿ ಆಗಲೇ ಒಂದು ವರ್ಷವಾಗಿತ್ತು. ಮನೆಯಲ್ಲಿ ನಾನು, ನನ್ನ ಹೆಂಡತಿ. ಅವಳಿಗೆ ಸಿಹಿ ಅಂದರೆ ಅಷ್ಟಕ್ಕಷ್ಟೆ.

ಅಂದರೆ ಇದು ತಪ್ಪು ಸೈಜಿನ ವಸ್ತುವೊಂದರ ವಿಮರ್ಶೆ. 4 ವರ್ಷದಿಂದ ವಾರಕ್ಕೊಮ್ಮೆಯಾದರೂ ಇದು ಕೆಲಸ ಮಾಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅವರ ಸರ್ವಿಸ್ ಬಗ್ಗೆ ಮುಂದೆ ಸ್ವಲ್ಪ ಖಾರವಾಗಿ ಹೇಳುವುದಿದೆ. ಅದೂ ಅಲ್ಲದೆ ಈ ಜಾತಿಯ ಓವನ್‌ಗಳು ಹೊಟ್ಟೆಯೊಳಗೆ ಹೆಚ್ಚುಕಡಿಮೆ ಎಲ್ಲಾ ಒಂದೇ. ತಗಡಿನ ಪೆಟ್ಟಿಗೆ. ಮೇಲೆ ಎರಡು ರಾಡ್, ಕೆಳಗೆ ಎರಡು ರಾಡ್. ಮುಂದೆ ಮೂರು ನಾಬ್. ಒಂದು ಶಾಖಕ್ಕೆ, ಒಂದು ಯಾವ ರಾಡ್ ಕಾಯಬೇಕು ಅನ್ನುವುದಕ್ಕೆ, ಇನ್ನೊಂದು ಟೈಮರ್‌ಗೆ. ನನ್ನದು 1600 ವಾಟ್. ಒಂದು ಗಂಟೆ ಬಿಡದೆ ಕಾದರೆ 1.6 ಯೂನಿಟ್ ಆಗಬೇಕು. ಆದರೆ ಬಿಡದೆ ಕಾಯುವುದಿಲ್ಲ. ಬೇಕಾದ ಶಾಖ ಬಂದ ಮೇಲೆ ರಾಡ್ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕರೆಂಟ್ ಬಿಲ್ ನೋಡಿ ಹೆದರುವಂಥದ್ದೇನೂ ಇಲ್ಲ. ವೈರ್ ಮಾತ್ರ ಗೇಣುದ್ದ. ಪ್ಲಗ್ ಎಲ್ಲಿದೆಯೋ ಅಲ್ಲೇ ಓವನ್ ಇಡಬೇಕು. ಇದನ್ನು ಯಾಕೆ ಹೀಗೆ ಮಾಡುತ್ತಾರೋ ದೇವರೇ ಬಲ್ಲ.

ನನ್ನ ಕೆಲಸ ಬೇರೆಯವರ ಲೆಕ್ಕ ನೋಡುವುದು. ಒಂದು ತಿಂಗಳು ಮುಗಿಸಿದರೆ ಇನ್ನೊಂದು ತಿಂಗಳು ಬಾಯಿ ತೆರೆದು ಕೂತಿರುತ್ತದೆ. ತಪ್ಪಾದರೆ ಫೋನ್ ಬರುತ್ತದೆ. ಸರಿಯಾದರೆ ಯಾರೂ ಏನೂ ಅನ್ನುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ನಾನು ಮಾಡಿದ ಲೆಕ್ಕವನ್ನು ಮೂಸಿ ನೋಡಿ "ಆಹಾ" ಅಂದಿಲ್ಲ. ಓವನ್‌ನಿಂದ ಸಿಕ್ಕಿದ್ದು ಅದು. ಸಂಜೆ 7ಕ್ಕೆ ಮೇಜಿನ ಮೇಲೆ ಇಲ್ಲದ ಒಂದು ವಸ್ತು 9ಕ್ಕೆ ಇರುತ್ತದೆ. ಬಿಸಿಯಾಗಿ, ಇಡಿಯಾಗಿ, ಕೈಯಲ್ಲಿ ಎತ್ತಿದರೆ ತೂಕವಾಗಿ.

ಮೊದಲ ಕೇಕ್ ಮಾತ್ರ ಹಾಗಿರಲಿಲ್ಲ. ಪುಸ್ತಕದಲ್ಲಿ 180 ಡಿಗ್ರಿ, 40 ನಿಮಿಷ ಅಂತ ಇತ್ತು. ನಾಬನ್ನು 180ಕ್ಕೆ ತಿರುಗಿಸಿದೆ. 20 ನಿಮಿಷಕ್ಕೆ ಮೇಲ್ಭಾಗ ಕಂದು, 30ಕ್ಕೆ ಕಪ್ಪು. ಮಧ್ಯೆ ಬೆಟ್ಟದ ಹಾಗೆ ಎದ್ದು ಬಿರಿದಿತ್ತು. ಕತ್ತರಿಸಿದರೆ ಒಳಗಿನಿಂದ ಹಸಿ ಹಿಟ್ಟು ಹರಿಯಿತು. ಇದು ನನ್ನ ತಪ್ಪು ಅಂದುಕೊಂಡೆ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಮೂರನ್ನೂ ನಾನೊಬ್ಬನೇ ಅಂಚು ಕೆರೆದುಕೊಂಡು ತಿಂದೆ. ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ನಾಲ್ಕನೆಯದಕ್ಕೆ ಮೊದಲು ಓವನ್ ಒಳಗೆ ಇಡುವ ಒಂದು ಚಿಕ್ಕ ಥರ್ಮಾಮೀಟರ್ ತಂದೆ. ಕೈಗಡಿಯಾರದಷ್ಟು ದೊಡ್ಡ ಡಯಲ್, ಜಾಲರಿಗೆ ಸಿಕ್ಕಿಸಲು ಒಂದು ಕೊಕ್ಕೆ, ಅಷ್ಟೆ. ನಾಬ್ 180ರಲ್ಲಿತ್ತು. ಮುಳ್ಳು 205 ತೋರಿಸಿತು. ಸ್ವಲ್ಪ ಹೊತ್ತಿಗೆ 190ಕ್ಕೆ ಇಳಿಯಿತು, ಮತ್ತೆ 205. ಅವತ್ತು ನನಗೆ ಆದ ಸಮಾಧಾನ ಹೇಳತೀರದು. ಲೆಕ್ಕ ತಪ್ಪಿದ್ದು ನಾನಲ್ಲ, ನಾಬ್!

ಇದಕ್ಕೆ ಕಾರಣ ಸರಳ. ಇಂಥ ಓವನ್‌ನ ಥರ್ಮೋಸ್ಟಾಟ್ ಒಳಗೆ ಎರಡು ಬೇರೆ ಬೇರೆ ಲೋಹವನ್ನು ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಕಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಕರೆಂಟ್ ಕಡಿದುಹೋಗುತ್ತದೆ. ತಣ್ಣಗಾದರೆ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಆದರೆ ಈ ಪಟ್ಟಿ ಕೂತಿರುವುದು ಪಕ್ಕದ ಗೋಡೆಯ ಹಿಂದೆ. ಅದಕ್ಕೆ ಗೊತ್ತಾಗುವುದು ಅಲ್ಲಿಯ ಶಾಖ. ಕೇಕ್ ಇರುವುದು ನಡುವೆ, ರಾಡಿನಿಂದ ಅಂಗೈ ದೂರದಲ್ಲಿ. ಅದರ ಮೇಲೆ ಪುಟ್ಟ ಓವನ್ ಆದ್ದರಿಂದ ರಾಡ್ ಕೆಂಪಗೆ ಕಾದಾಗ ಅದರ ಝಳ ನೇರ ಕೇಕಿನ ತಲೆಗೆ ಬಡಿಯುತ್ತದೆ. ಮೇಲೆ ಸೀದುಹೋಗಲು ಇಷ್ಟು ಸಾಕು. ಒಳಗಿನ ಕಥೆ ಬೇರೆ. ಹಿಟ್ಟಿನಲ್ಲಿ ನೀರು ಇರುವ ತನಕ ಒಳಭಾಗ 100 ಡಿಗ್ರಿ ದಾಟುವುದಿಲ್ಲ. ಅದು ನಿಧಾನವಾಗಿಯೇ ಬೇಯಬೇಕು. ಹೊರಗೆ ಎಷ್ಟು ಅರ್ಜೆಂಟ್ ಮಾಡಿದರೂ ಒಳಗೆ ಕೇಳುವುದಿಲ್ಲ.

ಈಗ ನಾಬ್ ಮೇಲೆ ಒಂದು ಕೆಂಪು ಚುಕ್ಕೆ ಇದೆ. ನನ್ನ ಹೆಂಡತಿ ನೇಲ್ ಪಾಲಿಶ್‌ನಲ್ಲಿ ಇಟ್ಟಿದ್ದು. ಅಚ್ಚಾದ ಅಂಕಿಯ ಪ್ರಕಾರ ಅದು 160. ನಮ್ಮ ಮನೆಯಲ್ಲಿ ಅದೇ 180. ಓವನ್ ಕೊಂಡವರು ಅದರ ಜೊತೆಗೇ ಥರ್ಮಾಮೀಟರ್ ಕೊಳ್ಳಿ. ಬೇರೆ ಯಾವ ಸಾಮಾನನ್ನೂ ಆಮೇಲೆ ನೋಡಿಕೊಳ್ಳಬಹುದು.

ಅದಿಲ್ಲದಿದ್ದರೆ ಸಕ್ಕರೆಯ ಪರೀಕ್ಷೆ ಇದೆ. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಓವನ್ ಚೆನ್ನಾಗಿ ಕಾದ ಮೇಲೆ 175ರಲ್ಲಿ 15 ನಿಮಿಷ ಇಡಿ. ಕರಗಬಾರದು. ಹೊಸ ಸಕ್ಕರೆ ಹಾಕಿ 190ರಲ್ಲಿ ಇಡಿ. ಕರಗಬೇಕು. 175ರಲ್ಲೇ ನೀರಾದರೆ ನಿಮ್ಮ ನಾಬೂ ನನ್ನದರ ಅಣ್ಣತಮ್ಮ. ಇನ್ನೊಂದು ಪರೀಕ್ಷೆ ಬ್ರೆಡ್ಡಿನದು. ಜಾಲರಿಯ ತುಂಬ ಬ್ರೆಡ್ ತುಂಡು ಜೋಡಿಸಿ ಸ್ವಲ್ಪ ಹೊತ್ತು ಕಾಯಿಸಿದರೆ ಎಲ್ಲಿ ಶಾಖ ಜಾಸ್ತಿ ಅನ್ನುವುದರ ನಕ್ಷೆಯೇ ಸಿಗುತ್ತದೆ. ನನ್ನದರಲ್ಲಿ ಹಿಂದಿನ ಬಲಮೂಲೆ ಕರಿ. ಮುಂದಿನ ಎಡಮೂಲೆ ಹಾಲುಬಿಳಿ. ಅದಕ್ಕೇ ಬಿಸ್ಕತ್ತನ್ನು ಅರ್ಧ ಹೊತ್ತಿಗೆ ತಿರುಗಿಸಿ ಇಡುತ್ತೇನೆ. ಕೇಕನ್ನು ಮುಕ್ಕಾಲು ಹೊತ್ತು ಕಳೆದ ಮೇಲೆ. ಮೊದಲೇ ಬಾಗಿಲು ತೆಗೆದರೆ ಗಟ್ಟಿಯಾಗದ ಕೇಕ್ ಕುಸಿದು ಕೂರುತ್ತದೆ.

ಓವನ್ ಕಾದಿದೆ ಅಂತ ದೀಪ ಆರಿದ ತಕ್ಷಣವೂ ನಂಬಬೇಡಿ. ಅದು ಗಾಳಿಯ ಮಾತು. ಗೋಡೆ, ತಟ್ಟೆ ಕಾಯಲು ಇನ್ನೂ ಹತ್ತು ನಿಮಿಷ ಬೇಕು. ಹಾಗೆ ಕಾಯಿಸಿಟ್ಟರೆ ಬಾಗಿಲು ತೆಗೆದಾಗ ಬಿಸಿ ಅಷ್ಟಾಗಿ ಓಡಿಹೋಗುವುದಿಲ್ಲ.

ಏನೇನು ಚೆನ್ನಾಗಿ ಬರುತ್ತದೆ ಅಂತ ಕೇಳಿದರೆ, ಬಿಸ್ಕತ್ತು ಅದ್ಭುತ. ಬಾಳೆಹಣ್ಣಿನ ಕೇಕ್, ಬೆಣ್ಣೆ ಕೇಕ್ ತುಂಬಾ ಚೆನ್ನ. ಬ್ರೆಡ್ ಪರವಾಗಿಲ್ಲ. ಬಾಗಿಲಿನ ಸಂದಿಯಲ್ಲಿ ಹಬೆ ಸೋರುವುದರಿಂದ ಮೇಲಿನ ಪದರ ಬೇಗ ಒಣಗಿ ಗಟ್ಟಿಯಾಗುತ್ತದೆ, ಬ್ರೆಡ್ ಪೂರ್ತಿ ಏಳುವ ಮೊದಲೇ. ಮುಚ್ಚಳವಿರುವ ದಪ್ಪ ಪಾತ್ರೆಯೊಳಗೆ ಇಟ್ಟು ಮೊದಲ 20 ನಿಮಿಷ ಮುಚ್ಚಿದರೆ ಅದರದೇ ಹಬೆ ಒಳಗೇ ಉಳಿದು ಸರಿಹೋಗುತ್ತದೆ. ಎತ್ತರದ ಕೇಕ್ ಬೇಡ, ತಲೆ ರಾಡಿಗೆ ತಾಗುತ್ತದೆ. ಕೊನೆಯ ಕಾಲು ಗಂಟೆ ಮೇಲೆ ಒಂದು ಫಾಯಿಲ್ ಹಾಳೆ ಹೊದಿಸುವುದು ನನಗೆ ರೂಢಿಯಾಗಿದೆ. ಪೀಜಾ ಬಗ್ಗೆ ಹೇಳುವುದಿಲ್ಲ. ಅದು 250 ಡಿಗ್ರಿಯ ಓವನ್‌ನಿಂದ ಆಗುವ ಮಾತಲ್ಲ ಅಂತ ನನ್ನ ಅಭಿಪ್ರಾಯ. ಬೇರೆಯವರು ಜಗಳಕ್ಕೆ ಬರಬಹುದು.

ತೂಕದ ಯಂತ್ರದ ಬಗ್ಗೆ ಮಾತ್ರ ಜಗಳಕ್ಕೆ ನಾನೇ ಬರುತ್ತೇನೆ. ಒಂದು ಕಪ್ ಮೈದಾ ಅಂದರೆ ಎಷ್ಟು? ಚಮಚದಲ್ಲಿ ಉದುರಿಸಿ ತುಂಬಿದರೆ 120 ಗ್ರಾಂ. ಡಬ್ಬಿಗೇ ಕಪ್ ಮುಳುಗಿಸಿ ಒತ್ತಿ ತೆಗೆದರೆ 150. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ. ಇಂಥ ಲೆಕ್ಕವನ್ನು ಆಫೀಸಿನಲ್ಲಿ ಕೊಟ್ಟರೆ ಮನೆಗೆ ಕಳಿಸುತ್ತಾರೆ. ನನ್ನ ಕೈಗೆ ಮೊದಲು ಕೂತದ್ದು ಪೌಂಡ್ ಕೇಕ್. ಹೆಸರಿನಲ್ಲೇ ಲೆಕ್ಕವಿದೆ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಎಲ್ಲಾ ಒಂದೊಂದು ಪೌಂಡ್, ಅಂದರೆ 454 ಗ್ರಾಂ. ಅಷ್ಟು ದೊಡ್ಡದು ಬೇಡ. ನಾನು ನಾಲ್ಕು ಮೊಟ್ಟೆ ಒಡೆದು ತೂಗುತ್ತೇನೆ, ಸುಮಾರು 200 ಗ್ರಾಂ ಬರುತ್ತದೆ. ಉಳಿದ ಮೂರೂ ಅಷ್ಟಷ್ಟೇ. ಮೆತ್ತಗಿನ ಬೆಣ್ಣೆಗೆ ಸಕ್ಕರೆ ಹಾಕಿ ಬಿಳುಪಾಗುವ ತನಕ ತಿರುವಬೇಕು. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆ ಮಾಡುವುದು ಆವಾಗಲೇ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಮಾಡುವುದಿಲ್ಲ, ಇದ್ದದ್ದನ್ನು ಊದಿಸುತ್ತದೆ ಅಷ್ಟೆ. ಇದು ಗೊತ್ತಾದ ದಿನದಿಂದ ನಾನು ತಿರುವುವುದರಲ್ಲಿ ಮೈಗಳ್ಳತನ ಮಾಡಿಲ್ಲ.

ಟಿನ್ನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. 9 ಇಂಚಿನ ದುಂಡು ಟಿನ್ನೂ 8 ಇಂಚಿನ ಚೌಕ ಟಿನ್ನೂ ವಿಸ್ತಾರದಲ್ಲಿ ಒಂದೇ, ಎರಡೂ 64 ಚದರ ಇಂಚಿನ ಹತ್ತಿರ. 8 ಇಂಚಿನ ದುಂಡು ಅಂದರೆ 50. 6 ಇಂಚಿನದು 28. ಆರಕ್ಕೂ ಎಂಟಕ್ಕೂ ಬರೀ ಎರಡೇ ಇಂಚು ಅಂತ ಅದೇ ಹಿಟ್ಟನ್ನು ಸುರಿದರೆ ಓವನ್ ತಳ ತೊಳೆಯುವ ಕೆಲಸ ನಿಮ್ಮದು. ನಾನು ತೊಳೆದಿದ್ದೇನೆ.

ಸರಿ, ಕೇಕ್ ಬಂತು. 8 ಇಂಚಿನ ದುಂಡು, 12 ತುಂಡು. ಹೆಂಡತಿ ಒಂದು ತುಂಡಿನಲ್ಲಿ ಅರ್ಧ ತಿಂದು "ಚೆನ್ನಾಗಿದೆ" ಅಂದಳು. ನಾನು ಎರಡು ತಿಂದೆ. ಒಂಬತ್ತೂವರೆ ಉಳಿಯಿತು. ಮರುದಿನ ಎರಡು. ಅದರ ಮರುದಿನ ಕೇಕ್ ನೋಡಿದರೇ ಹೊಟ್ಟೆ ತುಂಬಿದ ಹಾಗೆ. 16 ಲೀಟರಿನ ಓವನ್ ಆಗಿದ್ದರೆ ಚಿಕ್ಕ ಟಿನ್, ಆರು ತುಂಡು, ಎರಡು ದಿನದಲ್ಲಿ ಖಾಲಿ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಂಗಡಿಯ ಹುಡುಗ ಈ ಉಳಿದ ಒಂಬತ್ತೂವರೆಯನ್ನೇ ಹೇಳಿದ್ದು.

ಎರಡನೇ ವಾರ ನಾಲ್ಕು ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಅಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ, ಒಬ್ಬರೇ. ಒಂಬತ್ತು ವರ್ಷದಿಂದ ಮೆಟ್ಟಿಲಲ್ಲಿ ಎದುರಾದರೆ ತಲೆ ಆಡಿಸುವಷ್ಟೇ ಪರಿಚಯ. ಬಾಗಿಲು ಅರ್ಧ ತೆಗೆದು ಡಬ್ಬಿ ನೋಡಿದರು.

"ಏನು ವಿಶೇಷ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹುಟ್ಟಿದ ಹಬ್ಬ ಅಲ್ಲ, ಏನೂ ಅಲ್ಲ. "ಏನಿಲ್ಲ ಟೀಚರ್. ಜಾಸ್ತಿ ಆಯ್ತು" ಅಂದೆ.

ಆಮೇಲೆ ಈ ಎರಡು ಪದವನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಬಾಗಿಲು ತಟ್ಟಲು ಇದಕ್ಕಿಂತ ಒಳ್ಳೆಯ ಮಾತು ಇಲ್ಲ. "ನಿಮಗೋಸ್ಕರ ಮಾಡಿದೆ" ಅಂದುಬಿಟ್ಟರೆ ಎದುರಿಗಿರುವವರ ಹೆಗಲ ಮೇಲೆ ಒಂದು ಭಾರ ಇಟ್ಟ ಹಾಗೆ. ಅವರೂ ಏನೋ ಕೊಡಬೇಕು, ಚೆನ್ನಾಗಿದೆ ಅನ್ನಬೇಕು. ಜಾಸ್ತಿ ಆಯ್ತು ಅಂದರೆ ಅವರೇ ನನಗೆ ಉಪಕಾರ ಮಾಡಿದ ಹಾಗೆ. ತಗೊಂಡು ಬಾಗಿಲು ಹಾಕಿಕೊಳ್ಳಬಹುದು. ಮತ್ತು ಸುಳ್ಳೂ ಅಲ್ಲ, ಓವನ್ ದೊಡ್ಡದು ತಾನೇ. ಈಗ ಸುಳ್ಳೇ, ಒಪ್ಪುತ್ತೇನೆ. ಈಗ ಜಾಸ್ತಿ ಆಗಲಿ ಅಂತಲೇ ಮಾಡುತ್ತೇನೆ.

ಕೊಡುವುದಕ್ಕೂ ಸಮಯ ಇದೆ. ಬ್ರೆಡ್ ಅವತ್ತೇ ಕೊಡಬೇಕು. ಫ್ರಿಜ್‌ನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ ಆ ತಂಪಿನಲ್ಲಿ ಬೇಗ ಮತ್ತೆ ಹರಳುಗಟ್ಟುತ್ತದೆ. ಇಡಲೇಬೇಕಾದರೆ ಫ್ರೀಜರ್‌ನಲ್ಲಿಡಿ. ಬಾಳೆಹಣ್ಣಿನ ಕೇಕ್ ಇದಕ್ಕೆ ಉಲ್ಟಾ. ಮರುದಿನವೇ ರುಚಿ ಜಾಸ್ತಿ. ಅದನ್ನು ಬಿಸಿಬಿಸಿ ಕೊಟ್ಟವನು ನಾನು ಒಬ್ಬನೇ ಇರಲಿಕ್ಕಿಲ್ಲ.

ಎದುರುಮನೆಯ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಅಲ್ಲಿ ಏಳು ವರ್ಷದ ಹುಡುಗ ಇದ್ದಾನೆ. ಡಬ್ಬಿ ನೋಡಿದ ತಕ್ಷಣ ಅವನ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ ಸಾರ್, ಥ್ಯಾಂಕ್ಸ್." ಬಾಗಿಲು ಹಾಕಿಕೊಂಡಿತು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಆದ ಮೇಲೆ ಮೆಟ್ಟಿಲಲ್ಲಿ ಸಿಕ್ಕಿದಾಗ ಅವರೇ ಹೇಳಿದರು, ಹುಡುಗನಿಗೆ ಮೊಟ್ಟೆ ಆಗುವುದಿಲ್ಲ, ಅಲರ್ಜಿ. ಅವನು ಡಬ್ಬಿ ನೋಡಿ ಅತ್ತಿದ್ದನಂತೆ.

ನನ್ನ ಡಬ್ಬದಲ್ಲಿರುವ ಬೇಕಿಂಗ್ ಪೌಡರ್ ಹುಟ್ಟಿದ ಕಥೆ ಆಗಷ್ಟೇ ಓದಿದ್ದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅಂತ ಒಬ್ಬ ಔಷಧಿ ಅಂಗಡಿಯವನಿದ್ದ. ಅವನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟ್ ಹಾಕಿದ ಬ್ರೆಡ್ಡೂ ಆಗುತ್ತಿರಲಿಲ್ಲ. 1837ರಲ್ಲಿ ಅವನು ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. 1843ರಲ್ಲಿ ಯೀಸ್ಟ್ ಬೇಡದ ಬ್ರೆಡ್ಡಿಗಾಗಿ ಬೇಕಿಂಗ್ ಪೌಡರ್ ಮಾಡಿದ. ಮುಂದೆ ಕ್ರಿಮಿಯಾ ಯುದ್ಧದ ಸೈನಿಕರಿಗೂ ಅದರ ಬ್ರೆಡ್ ಹೋಯಿತು. ಶುರುವಾದದ್ದು ಮಾತ್ರ ಮನೆಯ ಊಟದ ಮೇಜಿನಲ್ಲಿ, ಒಬ್ಬಳಿಗೋಸ್ಕರ. ಅವನಿಗೆ ಆರು ವರ್ಷ ಬೇಕಾಯಿತು, ನನಗೆ ಒಂದು ಮೊಟ್ಟೆಯಿಲ್ಲದ ಕೇಕಿಗೆ ಮೂರು ವಾರ ಏನು ಮಹಾ.

ಮೊದಲ ವಾರದ್ದು ಇಟ್ಟಿಗೆ. ಎರಡನೆಯದು ಉಬ್ಬಿತು, ಹೊರಗೆ ತೆಗೆದ ತಕ್ಷಣ ನಿಟ್ಟುಸಿರು ಬಿಟ್ಟು ಕುಸಿಯಿತು. ಕೇಕ್ ನೆಟ್ಟಗೆ ನಿಲ್ಲುವುದರಲ್ಲಿ ಮೊಟ್ಟೆಯ ಪಾಲು ದೊಡ್ಡದು. ಬಿಸಿಗೆ ಅದು ಗಟ್ಟಿಯಾಗಿ ಗುಳ್ಳೆಗಳನ್ನು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ಎತ್ತರದ ಆಸೆ ಬಿಡಬೇಕು. ಮೂರನೇ ವಾರ ಅಗಲದ ಟಿನ್ನಿನಲ್ಲಿ ತೆಳ್ಳಗೆ ಹುಯ್ದೆ. ಮೊಸರು, ಅಡುಗೆ ಸೋಡಾ, ಒಂದು ಚಮಚ ವಿನೆಗರ್. ಹುಳಿ ಸೋಡಾಕ್ಕೆ ಸೇರಿದ ಕ್ಷಣದಿಂದ ಗ್ಯಾಸ್ ಹೊರಡುತ್ತದೆ. ಹಿಟ್ಟು ಕಲಸಿ ಫೋನ್‌ನಲ್ಲಿ ಮಾತಾಡುತ್ತಾ ನಿಂತರೆ ಕೆಟ್ಟಿತು. ಓವನ್ ಮೊದಲೇ ಕಾದಿರಬೇಕು. ಜಾಸ್ತಿ ಕಲಸಲೂ ಬಾರದು, ಮೈದಾ ಜಿಗುಟಾಗಿ ಕೇಕ್ ರಬ್ಬರ್ ಆಗುತ್ತದೆ.

ಬಟ್ಟಲು, ಚಮಚ, ಟಿನ್ ಎಲ್ಲ ಅವನಿಗೇ ಅಂತ ಬೇರೆ ಇಟ್ಟೆ. ಡಬ್ಬಿಯ ಮುಚ್ಚಳದ ಮೇಲೆ ಒಳಗೆ ಏನೇನಿದೆ ಅಂತ ಚೀಟಿ ಅಂಟಿಸಿದೆ. ಈಗ ಯಾರಿಗೆ ಕೊಟ್ಟರೂ ಚೀಟಿ ಹಾಕುತ್ತೇನೆ. ಹಂಚುವ ಹುಚ್ಚು ಇರುವವರಿಗೆ ನನ್ನ ಕಡೆಯಿಂದ ಒಂದೇ ಬುದ್ಧಿಮಾತು ಅಂದರೆ ಇದು. ಬೀಜಗಳು, ಹಾಲು, ಮೊಟ್ಟೆ, ಗೋಧಿ, ಯಾರಿಗೆ ಯಾವುದು ಆಗುವುದಿಲ್ಲವೋ ಮುಖ ನೋಡಿ ಗೊತ್ತಾಗುವುದಿಲ್ಲ. ಅವನ ಅಮ್ಮ ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಡಬ್ಬಿ ತಗೊಂಡರು.

ಹುಡುಗ ಮರುದಿನ ಬಂದು ತೀರ್ಪು ಕೊಟ್ಟ. "ಪರವಾಗಿಲ್ಲ ಅಂಕಲ್. ಮೇಲಿಂದು ಚೆನ್ನಾಗಿದೆ. ಒಳಗೆ ಸ್ವಲ್ಪ ಬೋರು."

ನನಗೆ ಬೇಕಾಗಿದ್ದದ್ದು ಇಂಥವನೇ. ನಮ್ಮ ಕೈಯಾರೆ ಮಾಡಿದ್ದರ ರುಚಿ ನಮಗೆ ಗೊತ್ತಾಗುವುದಿಲ್ಲ. 2012ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದರ ಬಗ್ಗೆಯೇ ಬರೆದಿದ್ದಾರೆ. ಜನರ ಕೈಯಲ್ಲಿ ಕಾಗದ ಮಡಿಸಿ ಕಪ್ಪೆ, ಕೊಕ್ಕರೆ ಮಾಡಿಸಿದರು. ಮಾಡಿದವರು ತಮ್ಮ ಮುದ್ದೆಯಾದ ಕಪ್ಪೆಗೆ ನುರಿತವರು ಮಾಡಿದ ಕಪ್ಪೆಗೆ ಸರಿಸಮ ಅನ್ನುವಷ್ಟು ಬೆಲೆ ಕಟ್ಟಿದರು. ನೋಡಿದ ಬೇರೆಯವರಿಗೆ ಅದು ಬರೀ ಸುಕ್ಕಾದ ಕಾಗದ. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಮೊದಲ ಮೂರು ಕೇಕ್ ತಿಂದಾಗಲೇ ನಂಗೆ ಗೊತ್ತಿತ್ತು" ಅಂದಳು.

ಆ "ಬೋರು" ಅನ್ನುವ ಮಾತಿನಿಂದ ಕಿತ್ತಳೆ ಸಿಪ್ಪೆ ತುರಿದು ಹಾಕುವುದನ್ನು ಕಲಿತೆ. ಈಗ ಹುಡುಗನಿಗೆ ನಾನು ಹೇಳಿ ಕಳಿಸಬೇಕಾಗಿಲ್ಲ. ವಾಸನೆ ಹೋಗಿ ಕರೆಯುತ್ತದೆ. ಹಿಟ್ಟಿನ ಮೇಲ್ಭಾಗ ಒಣಗಿ 140 ಡಿಗ್ರಿ ದಾಟಿದ ಮೇಲೆ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣ, ಆ ಪರಿಮಳ ಎರಡೂ ಜೋರಾಗಿ ಹುಟ್ಟುತ್ತವೆ. 1912ರಲ್ಲಿ ಫ್ರಾನ್ಸಿನ ಮೇಯಾರ್ ಅನ್ನುವವರು ಇದನ್ನು ಮೊದಲು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ನಮ್ಮ ಮೆಟ್ಟಿಲಲ್ಲಿ ಅದು ಟೈಮರ್ ಹೊಡೆಯುವುದಕ್ಕೆ ಹತ್ತು ನಿಮಿಷ ಮೊದಲು ಇಳಿಯುತ್ತದೆ. ಟೈಮರ್‌ಗಿಂತ ನಾನು ಅದನ್ನೇ ನಂಬುತ್ತೇನೆ. ಈ ಓವನ್‌ನ ಟೈಮರ್ 10 ನಿಮಿಷಕ್ಕಿಂತ ಕಡಿಮೆ ಇಟ್ಟರೆ ಸರಿಯಾಗಿ ಓಡುವುದಿಲ್ಲ. ಮೊದಲು ಮುಂದೆ ತಿರುಗಿಸಿ ಆಮೇಲೆ ಹಿಂದೆ ತರಬೇಕು. ಇದೂ ಒಂದು ದೂರು, ಬರೆದುಕೊಳ್ಳಿ.

ನಡುವೆ ಒಂದು ಸಲ ದುಡ್ಡಿಗೆ ಮಾಡಿದೆ. ಆಫೀಸಿನ ಒಬ್ಬರು ಮಗಳ ಹುಟ್ಟುಹಬ್ಬಕ್ಕೆ ಎರಡು ಅಂತಸ್ತಿನ ಕೇಕ್ ಕೇಳಿದರು. "ಇಷ್ಟು ಚೆನ್ನಾಗಿ ಮಾಡ್ತೀರಿ, ಸುಮ್ನೆ ಯಾಕೆ ಹಂಚ್ತೀರಿ" ಅಂತ ಎಲ್ಲರೂ ಹೇಳುತ್ತಲೇ ಇದ್ದರು. ಹಿಂದಿನ ರಾತ್ರಿ ಎರಡು ಗಂಟೆ ತನಕ ಎದ್ದಿದ್ದೆ. ಕರಿಯ ಟಿನ್ ಹೊಸದಾಗಿ ತಂದಿದ್ದೆ. ಹೊಳೆಯುವ ಟಿನ್ನಿಗಿಂತ ಕಪ್ಪು ಟಿನ್ ಶಾಖ ಜಾಸ್ತಿ ಎಳೆದುಕೊಳ್ಳುತ್ತದೆ, ಹತ್ತು ಹದಿನೈದು ಡಿಗ್ರಿ ಇಳಿಸಬೇಕಿತ್ತು, ಮರೆತೆ. ಅಂಚು ಗಟ್ಟಿಯಾಯಿತು. ಕತ್ತರಿಸಿ ಕೆನೆ ಹಚ್ಚಿ ಮುಚ್ಚಿದೆ. ಅವರು ಬಂದರು, ದುಡ್ಡು ಕೊಟ್ಟರು, ಹೋದರು. ಸೋಮವಾರ ಆಫೀಸಿನಲ್ಲಿ ಸಿಕ್ಕರು. ಕೇಕ್ ಹೇಗಿತ್ತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೆಕ್ಕ ಚುಕ್ತಾ ಆಗಿತ್ತಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಬದುಕಿಗಾಗಿ ಬೇಕಿಂಗ್ ಮಾಡುವವರ ಬಗ್ಗೆ ನನಗೆ ಅವತ್ತಿಂದ ಗೌರವ ಜಾಸ್ತಿಯಾಯಿತು. ನನಗೆ ಮಾತ್ರ ಅದು ಆಫೀಸಿನ ಇನ್ನೊಂದು ಸಂಜೆಯ ಹಾಗೆ ಕಂಡಿತು. ಮತ್ತೆ ಆರ್ಡರ್ ತಗೊಂಡಿಲ್ಲ.

ಈಗ ಖಾರದ ಭಾಗ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಕೆಳಗಿನ ಒಂದು ರಾಡ್ ಕೆಟ್ಟಿತು. ಮೇಲೆ ಬೇಯುತ್ತದೆ, ಕೆಳಗೆ ಹಸಿ. ವಾರಂಟಿ ಮುಗಿಯಲು 11 ದಿನ ಇತ್ತು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ನಾಲ್ಕು ದಿನದ ಮೇಲೆ ಒಬ್ಬ ಹುಡುಗ ಬಂದ. ಬಿಚ್ಚಿ ನೋಡಿದ, "ರಾಡ್ ಹೋಗಿದೆ" ಅಂದ. ಅದು ನನಗೂ ಗೊತ್ತಿತ್ತು. ರಾಡ್ ಸ್ಟಾಕ್ ಇಲ್ಲವಂತೆ. ತಿರುಪುಗಳನ್ನು ಒಂದು ಬಟ್ಟಲಿನಲ್ಲಿ ಹಾಕಿ ಹೋದ. ಆಮೇಲೆ ದಿನಾ ಫೋನ್. ದಿನಾ "ನಾಳೆ". ಹನ್ನೆರಡನೇ ದಿನ ಫೋನ್ ಎತ್ತಿದವರು "ನಿಮ್ಮ ವಾರಂಟಿ ನಿನ್ನೆ ಮುಗಿದಿದೆ" ಅಂದರು. ನಾನು ಎಂದೂ ಜೋರಾಗಿ ಮಾತಾಡುವವನಲ್ಲ. ಅವತ್ತು ಮಾತಾಡಿದೆ. ಮೊದಲ ದೂರಿನ ನಂಬರ್, ತಾರೀಖು, ಬಂದ ಹುಡುಗ ಸಹಿ ಮಾಡಿದ ಚೀಟಿ, ಎಲ್ಲ ಇಟ್ಟಿದ್ದೆ. ಲೆಕ್ಕದ ಕೆಲಸ ಅಲ್ವಾ, ಚೀಟಿ ಬಿಸಾಡುವ ಅಭ್ಯಾಸವಿಲ್ಲ. ರಾಡ್ ಪುಕ್ಕಟೆ ಬಂತು, 23ನೇ ದಿನ. ನೀವೂ ಚೀಟಿ ಇಟ್ಟುಕೊಳ್ಳಿ.

ಆ 23 ದಿನದಲ್ಲಿ ಬಟ್ಟಲಿನ ತಿರುಪುಗಳನ್ನು ನೋಡಿಕೊಂಡು ಕೂತಿದ್ದೆ. ಎರಡನೇ ಭಾನುವಾರ ಎದುರುಮನೆಯ ಹುಡುಗ ಬಂದ. ಬಿಚ್ಚಿಟ್ಟ ಓವನ್ ಒಳಗೆ ಇಣುಕಿದ. "ಅಂಕಲ್, ಇದಕ್ಕೆ ಹುಷಾರಿಲ್ವಾ?" ಅಂದ. ಹೌದಪ್ಪಾ ಅಂದೆ. "ಜ್ವರಾನಾ?" ಅಂತ ಕೇಳಿದ. ಜ್ವರ ಬರುತ್ತಾ ಇಲ್ಲ, ಅದೇ ತೊಂದರೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹೆಂಡತಿ ಒಳಗೆ ನಕ್ಕಿದ್ದು ಕೇಳಿಸಿತು.

ಮೂರನೇ ಭಾನುವಾರ ಸಂಜೆ ಬೆಲ್ ಆಯಿತು. ಕೆಳಗಿನ ಟೀಚರ್. ಅವರು ಮೇಲೆ ಹತ್ತಿ ಬಂದದ್ದು ನಾನು ನೋಡಿದ್ದು ಅದೇ ಮೊದಲು, ಅವರಿಗೆ ಮಂಡಿ ನೋವು. ಕೈಯಲ್ಲಿ ನನ್ನದೇ ಡಬ್ಬಿ, ನೀಲಿ ಮುಚ್ಚಳದ್ದು. ಎಷ್ಟೋ ತಿಂಗಳಿಂದ ಅದನ್ನು ಹುಡುಕುತ್ತಿದ್ದೆ. ಒಳಗೆ ಬಿಸ್ಕತ್ತು. ಓವನ್ ಇಲ್ಲದೆ, ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿದ್ದು. ಕೆಲವು ತಳ ಹಿಡಿದಿದ್ದವು. ಒಂದೂ ದುಂಡಗಿರಲಿಲ್ಲ.

"ಏನು ಟೀಚರ್ ಇದೆಲ್ಲ?" ಅಂದೆ.

"ಏನಿಲ್ಲ. ಜಾಸ್ತಿ ಆಯ್ತು" ಅಂದರು. ಮುಖದಲ್ಲಿ ನಗುವೇ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳಿದವರು, ನಗದೆ ತಮಾಷೆ ಮಾಡುವುದು ಅವರಿಗೆ ಬರುತ್ತದೆ.

ರೇಟಿಂಗ್ ಕೊಡಬೇಕಲ್ಲ. ಐದಕ್ಕೆ ಮೂರೂವರೆ. ನಾಬ್ ಸುಳ್ಳು ಹೇಳುವುದಕ್ಕೆ ಅರ್ಧ ಕಡಿಮೆ. ವೈರ್ ಮತ್ತು ಟೈಮರ್ ಸೇರಿ ಇನ್ನರ್ಧ. ಸರ್ವಿಸ್‌ಗೆ ಅರ್ಧ. ಬಾಗಿಲಿನ ಸ್ಪ್ರಿಂಗ್ ಈಗ ಸಡಿಲವಾಗಿದೆ, ಮರದ ಚಮಚ ಒತ್ತು ಕೊಟ್ಟು ಮುಚ್ಚುತ್ತೇನೆ, ಅದಕ್ಕೆ ಬೇರೆ ಕಡಿಮೆ ಮಾಡಿಲ್ಲ. ಸೈಜಿಗೆ ಏನೂ ಕಡಿಮೆ ಮಾಡಿಲ್ಲ. ಒಬ್ಬರೇ ಅಥವಾ ಇಬ್ಬರೇ ಇರುವವರು ಯಾವುದು ಕೊಳ್ಳಬೇಕು ಅಂತ ಕೇಳಿದರೆ, ಜಾಗ ಇದ್ದರೆ ದೊಡ್ಡದನ್ನೇ ಕೊಳ್ಳಿ. ಜೊತೆಗೆ ಥರ್ಮಾಮೀಟರ್, ತೂಕದ ಯಂತ್ರ, ವಾಪಸ್ ಬಾರದಿದ್ದರೂ ಬೇಜಾರಾಗದಂಥ ಆರು ಡಬ್ಬಿ. ನನ್ನ ಆರರಲ್ಲಿ ಈಗ ಮನೆಯಲ್ಲಿರುವುದು ಒಂದು. ನೀಲಿ ಮುಚ್ಚಳದ್ದು ಮತ್ತೆ ಕೆಳಗೇ ಇದೆ.